ತೂಫಾನಿಗೆ ಟೈಂ ಕೀಪರ್ ಇಲ್ಲ

ಸಂತೆಕಟ್ಟೆ
5 ಜೂನ್ 2025

'ಏಳು ಬಂದರು' ಎಂಬ ಕಂಪ್ಯೂಟರ್ ಆಟ ತಯಾರಿಸಿದ ಮಣಿಪಾಲದ ಮಹನೀಯರಿಗೆ,

ಸಮಸ್ತ ಜಗತ್ತಿಗೆ, ಅದರಲ್ಲೂ ಉಡುಪಿ ಜಿಲ್ಲೆಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ಸಂತೆಕಟ್ಟೆಯ ನಿವಾಸಿ, ಅರವತ್ತೆಂಟರ ಪ್ರಾಯದ ಓಸ್ವಾಲ್ಡ್ ಎಂಬ ನಾನು, ನಿಮ್ಮ ಆಟಕ್ಕೆ ಕಳೆದ ತಿಂಗಳು ಬಂದ 'ಮಳೆಗಾಲ' ಎಂಬ ಹೊಸ ಭಾಗವನ್ನು ಹದಿನೇಳು ದಿನ ಆಡಿ, ನಾಲ್ಕು ದಿನ ಚಿಂತಿಸಿ, ಒಂದು ದಿನ ಶೇವ್ ಕೂಡ ಮಾಡದೆ ಕೂತು, ಕೊನೆಗೆ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ನನಗೆ ಗೊತ್ತಾಗಿಲ್ಲ ಎಂಬುದೇ ಆ ನಿರ್ಧಾರ.

ಇಷ್ಟು ದೊಡ್ಡ ವಿಷಯವನ್ನು ಅಂಚೆಯಲ್ಲಿ ಯಾಕೆ ಕಳುಹಿಸುತ್ತಾನೆ ಈ ಮನುಷ್ಯ ಎಂದು ಕೇಳಬಹುದು. ನಿಮ್ಮ ವೆಬ್‌ಸೈಟಿನಲ್ಲಿ ಅಭಿಪ್ರಾಯ ಬರೆಯುವ ಡಬ್ಬಿ ಐನೂರು ಅಕ್ಷರ ಆದ ಕೂಡಲೇ ಕೆಂಪಾಗುತ್ತದೆ. ನಾನು ಮೂವತ್ತೊಂದು ವರ್ಷ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಂ ಕೀಪರ್ ಆಗಿದ್ದವ. ಬೇರೆಯವರಿಗೆ 'ನಿಮ್ಮ ಟೈಂ ಆಯಿತು, ಹೊರಡಿ' ಎಂದು ಹೇಳಿ ಅಭ್ಯಾಸ ಉಂಟೇ ಹೊರತು ಹೇಳಿಸಿಕೊಂಡು ಅಭ್ಯಾಸ ಇಲ್ಲ.

ಆಟದ ಬಗ್ಗೆ ನಿಮಗೆ ಗೊತ್ತೇ ಉಂಟು. ಆದರೆ ನನ್ನ ಪತ್ರಗಳನ್ನು ಪಕ್ಕದ ಮನೆಯ ಮೌರಿಸ್ ಇಣುಕಿ ಓದುವುದುಂಟು. ಅವನಿಗಾಗಿ ಎರಡು ಮಾತು. ಆಡುವವನಿಗೆ ಕರಾವಳಿಯ ಒಂದು ಬಂದರು ಕೊಡುತ್ತಾರೆ. ಅವನು ದೋಣಿ ಕಟ್ಟಿಸಬೇಕು, ಮೀನು ಹಿಡಿಸಬೇಕು, ಕಾಳುಮೆಣಸು ಮಾರಬೇಕು, ಅಕ್ಕಪಕ್ಕದ ಆರು ಬಂದರುಗಳ ಜೊತೆ ಸ್ನೇಹವನ್ನೋ ಜಗಳವನ್ನೋ ಮಾಡಬೇಕು. ಇದುವರೆಗೆ ಎಲ್ಲ ಸರಿ. ಈಗ ನಿಮ್ಮ 'ಮಳೆಗಾಲ' ಬಂದು ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಕಡಲನ್ನೇ ಮುಚ್ಚಿದೆ. ಅರವತ್ತೊಂದು ದಿನ! ಒಂದು ದೋಣಿ ಅಲ್ಲಾಡುವುದಿಲ್ಲ. ನಡುವೆ ಬಿರುಗಾಳಿ ಬಂದು ಕಟ್ಟಿಟ್ಟ ದೋಣಿ ನಾಲ್ಕು ಒಡೆದು ಹೋಗುತ್ತದೆ. ಮಳೆಯ ಶಬ್ದ ಬಹಳ ಚಂದ ಉಂಟು. ಆದರೆ ಶಬ್ದ ಕೇಳುತ್ತಾ ನಾನು ಎಂತ ಮಾಡಬೇಕು? ಅರ್ಧ ನಿಮಿಷ ತಡವಾದ ಬಸ್ಸಿಗಾಗಿ ರಕ್ತದೊತ್ತಡ ಏರಿಸಿಕೊಂಡ ಜೀವ ಇದು.

ನನ್ನ ಹೆಂಡತಿ ಆಲಿಸ್ ಈ ಆಟವನ್ನು ನನಗಿಂತ ಹೆಚ್ಚು ಆಡುತ್ತಾಳೆ, ನನಗಿಂತ ಚೆನ್ನಾಗಿ ಆಡುತ್ತಾಳೆ. ಎರಡನೆಯದನ್ನು ಬರೆಯಬೇಕೆಂದು ಅವಳೇ ಹೇಳಿದ್ದು. ಅವಳದು ಒಂದೇ ಪ್ರಶ್ನೆ: "ಎರಡು ತಿಂಗಳು ಯಾರೂ ಕಡಲಿಗೆ ಇಳಿಯುವುದಿಲ್ಲ ಅಂತಾದರೆ, ಪ್ರತಿ ವರ್ಷ ಜುಲೈಯಲ್ಲಿ ನಾವು ತಿನ್ನುವ ಹಸಿ ಸಿಗಡಿಯನ್ನು ಹಿಡಿದು ತರುವುದು ಯಾರು?"

ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಉಂಟಾ?

ಇತಿ ತಮ್ಮ ವಿಧೇಯ,
ಓಸ್ವಾಲ್ಡ್


ಮಣಿಪಾಲ
14 ಜೂನ್ 2025

ಮಾನ್ಯ ಓಸ್ವಾಲ್ಡ್ ಅವರಿಗೆ,

ನಮ್ಮ ಆಫೀಸಿಗೆ ಇದುವರೆಗೆ ಅಂಚೆಯಲ್ಲಿ ಬಂದದ್ದು ಕರೆಂಟ್ ಬಿಲ್ಲು ಮಾತ್ರ. ನಿಮ್ಮ ಪತ್ರವನ್ನು ಗೋಡೆಗೆ ಅಂಟಿಸಿದ್ದೇವೆ. 'ಮಹನೀಯರು' ಅಂದಿರಿ, ನಾವು ಇರುವುದು ಮೂರೇ ಜನ, ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ. 'ಮಳೆಗಾಲ'ವನ್ನು ಮಾಡಿದವಳು ನಾನು. ಹೆಸರು ಮಾನಸ, ಊರು ಕಾರ್ಕಳ, ಓದಿದ್ದು ನಿಟ್ಟೆಯಲ್ಲಿ. ಹಾಗಾಗಿ ಬೈಗುಳ ಏನಿದ್ದರೂ ನೇರ ನನ್ನ ವಿಳಾಸಕ್ಕೇ ಕಳುಹಿಸಬಹುದು.

ಬೈಗುಳಕ್ಕೆ ಕೊರತೆಯೇನೂ ಇಲ್ಲ. 'ಎರಡು ತಿಂಗಳು ಗೋಡೆ ನೋಡಿಕೊಂಡು ಕೂರಲು ನಮ್ಮ ಮನೆಯಲ್ಲೇ ಗೋಡೆ ಇದೆ' ಎಂದು ಒಬ್ಬರು ಬರೆದಿದ್ದಾರೆ. ನಿಟ್ಟೆಯ ಹಾಸ್ಟೆಲಿನಿಂದ ಶೆಲ್ಡನ್ ಎಂಬವರು, 'ಮಳೆಯ ಶಬ್ದಕ್ಕೆ ಒಳ್ಳೆಯ ನಿದ್ದೆ ಬಂತು, ಐದು ನಕ್ಷತ್ರ' ಎಂದಿದ್ದಾರೆ. ನಮ್ಮನ್ನು ಹೊಗಳಿದವರಲ್ಲಿ ಅವರೇ ಮುಖ್ಯರು. ನೂರಕ್ಕೆ ಮೂವತ್ತೊಂದು ಮಂದಿಗೆ ಮಾತ್ರ ಇದು ಇಷ್ಟವಾಗಿದೆ.

ನೀವು ಸತ್ಯ ಬರೆದಿರಿ, ನಾನೂ ಬರೆಯುತ್ತೇನೆ. ನಮ್ಮ ಕಂಪನಿಯ ಯಜಮಾನ ವಿಕಾಸ್ ಆಗಸ್ಟ್ ಹದಿನೈದರ ತನಕ ಸಮಯ ಕೊಟ್ಟಿದ್ದಾನೆ. ಅಷ್ಟರೊಳಗೆ ನೂರಕ್ಕೆ ಅರವತ್ತು ಮಂದಿ ಒಪ್ಪದಿದ್ದರೆ ಮಳೆಗಾಲಕ್ಕೆ 'ದಾಟಿಸು' ಎಂಬ ಬಟನ್ ಇಡುತ್ತಾರೆ. ಒತ್ತಿದರೆ ನೇರ ಆಗಸ್ಟ್. ನನ್ನ ಎಂಟು ತಿಂಗಳ ಕೆಲಸ ಒಂದು ಬಟನ್ ಆಗುತ್ತದೆ. ಆಮೇಲೆ ನನಗೂ ಬಟನ್ನಿನದೇ ಕೆಲಸ: ಬೇರೆ ಕಂಪನಿಗಳ ಆಟಗಳಿಗೆ ಬಟನ್ ಬಿಡಿಸಿ ಕೊಡುವುದು.

ಇದೆಲ್ಲ ನನಗೆ ಹೊಳೆದದ್ದು ಎಲ್ಲಿಂದ ಗೊತ್ತಾ? ಆರು ವರ್ಷದವಳಿದ್ದಾಗ ಅಪ್ಪ ನನ್ನನ್ನು ಜೂನ್ ತಿಂಗಳಲ್ಲಿ ಕಾಪುವಿಗೆ ಕರೆದುಕೊಂಡು ಹೋಗಿದ್ದರು. ದಡದ ಮೇಲೆ ದೋಣಿಗಳೆಲ್ಲ ತೆಂಗಿನ ಮಡಲು ಹೊದ್ದು ಮಲಗಿದ್ದವು. "ಯಾಕಪ್ಪಾ?" ಅಂದೆ. "ಕಡಲಿಗೆ ರಜೆ" ಅಂದರು. ಕಾರ್ಕಳದ ಮಕ್ಕಳಿಗೆ ಕಡಲು ವರ್ಷಕ್ಕೊಮ್ಮೆ ನೋಡುವ ವಸ್ತು. ಶಾಲೆಯ ಹಾಗೆ ಅದಕ್ಕೂ ರಜೆ ಇರುತ್ತದೆ, ಬೀಗ ಹಾಕಿರುತ್ತಾರೆ ಎಂದು ನಾನು ನಂಬಿದೆ. ಈಗಲೂ ಸುಮಾರು ಹಾಗೇ ನಂಬಿದ್ದೇನೆ ಎಂದು ಆಲಿಸ್ ಆಂಟಿಯ ಪ್ರಶ್ನೆ ಓದಿದ ಮೇಲೆ ಗೊತ್ತಾಯಿತು.

ಸಿಗಡಿ ಯಾರು ಹಿಡಿಯುತ್ತಾರೆ? ನನಗೂ ಗೊತ್ತಿಲ್ಲ.

ವಂದನೆಗಳೊಂದಿಗೆ,
ಮಾನಸ


ಸಂತೆಕಟ್ಟೆ
27 ಜೂನ್ 2025

ಪ್ರಿಯ ಮಾನಸ,

ಐವತ್ತು ವರ್ಷ ಸಿಗಡಿ ತಿಂದವ, ಅದನ್ನು ಹಿಡಿದವರು ಯಾರು ಎಂದು ಒಮ್ಮೆಯೂ ಕೇಳಿಲ್ಲ ಎಂಬ ವಿಷಯ ನನ್ನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಕೂತಿದ್ದರೂ ಆಲಿಸ್ ಬಿಡುತ್ತಿರಲಿಲ್ಲ. ಮೊನ್ನೆ ಒಂಬತ್ತು ಹದಿನೆಂಟರ ಬಸ್ಸು ಹತ್ತಿ (ಒಂಬತ್ತು ಇಪ್ಪತ್ತೆರಡಕ್ಕೆ ಬಂತು, ಕಂಡಕ್ಟರನಿಗೆ ಹೇಳಬೇಕಾದದ್ದನ್ನು ಹೇಳಿದ್ದೇನೆ) ಕಾಪುವಿಗೆ ಹೋದೆ.

ಕಡಲ ಬದಿಯ ಶೆಡ್ಡಿನಲ್ಲಿ ನಾಲ್ಕು ಜನ ಇದ್ದರು, ಅವರಲ್ಲೊಬ್ಬರು ಬಲೆ ಹೆಣೆಯುತ್ತಾ ಕೂತಿದ್ದರು. ಹೆಸರು ಗುಣಪಾಲ, ನನ್ನದೇ ಪ್ರಾಯ. ನಾನು ಛತ್ರಿ ಮಡಚಿ, ಗಂಟಲು ಸರಿಮಾಡಿ, "ಕಡಲಿಗೆ ರಜೆ ಅಲ್ವಾ? ಮತ್ತೆ ಬಲೆ ಯಾಕೆ?" ಎಂದೆ.

"ಪೊರ್ಬುಗಳೇ," ಅಂದರು. ನಮ್ಮ ಕ್ರಿಶ್ಚಿಯನ್ನರನ್ನು ಇಲ್ಲಿಯವರು ಹಾಗೆ ಕರೆಯುವುದು. "ಸರಕಾರದ ರಜೆ ಮಲ್ಪೆ ಬಂದರಿನ ದೊಡ್ಡ ಬೋಟುಗಳಿಗೆ. ನಾಡದೋಣಿಗೆ ಎಂತ ರಜೆ?"

"ಹಾಗಾದರೆ ಹೋಗುವುದಿಲ್ಲ ಯಾಕೆ?"

"ತೂಫಾನ್ ಆಗಲಿಲ್ಲ."

ನಾನು ಬಹಳ ಬುದ್ಧಿವಂತನ ಮುಖ ಮಾಡಿ, "ಆಗದಿದ್ದದ್ದೇ ಒಳ್ಳೆಯದಾಯಿತಲ್ಲ!" ಎಂದೆ. ಗುಣಪಾಲಣ್ಣ ಬಲೆ ಕೆಳಗಿಟ್ಟು, ಅಂಗಡಿಯಲ್ಲಿ ಹಳಸಿದ ಬಂಗುಡೆ ಮೀನು ನೋಡುವ ಹಾಗೆ ನನ್ನನ್ನು ನೋಡಿದರು.

"ಒಳ್ಳೆಯದಾ? ಮಾರಾಯ್ರೆ, ನಾವು ಕೂತದ್ದೇ ಅದು ಬರಲಿ ಅಂತ. ತೂಫಾನ್ ಬಂದು ಕಡಲಿನ ಅಡಿಯ ಕೆಸರು ಕಲಕಬೇಕು. ಆಗ ಎಟ್ಟಿ ದಡದ ಹತ್ತಿರ ಬರುವುದು. ಆಮೇಲೆ ಕಡಲು ತಣ್ಣಗಾದರೆ ನಾವು ಇಳಿಯುವುದು. ತೂಫಾನ್ ಆಗದೆ ಇಳಿದರೆ ಅಲೆಯೂ ಬಿಡುವುದಿಲ್ಲ, ಎಟ್ಟಿಯೂ ಸಿಗುವುದಿಲ್ಲ."

ಎಟ್ಟಿ ಅಂದರೆ ನಮ್ಮ ಸಿಗಡಿಯೇ. ಆಲಿಸಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ನನಗೆ ಬೇರೆ ಪ್ರಶ್ನೆ ಹುಟ್ಟಿತು: "ಎಷ್ಟು ಗಂಟೆಗೆ... ಅಲ್ಲ, ಯಾವ ತಾರೀಕಿಗೆ ಬರುತ್ತದೆ?"

ಶೆಡ್ಡಿನಲ್ಲಿದ್ದ ನಾಲ್ಕೂ ಜನ ನಕ್ಕರು. ಟೈಂ ಕೀಪರನಾಗಿ ನನ್ನ ಜೀವಮಾನದಲ್ಲಿ ಇಂಥ ಅವಮಾನ ಆಗಿಲ್ಲ.

ನಿನ್ನ ಆಟವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿದ್ದೆ, ತೋರಿಸಿದೆ. ಬಿರುಗಾಳಿ ಬಂದು ದೋಣಿ ಒಡೆಯುವಲ್ಲಿಗೆ ಗುಣಪಾಲಣ್ಣ ಕೈ ಅಡ್ಡ ಹಿಡಿದರು. "ಇಷ್ಟೇಯಾ? ಒಡೆದು ಹೋಗುವುದು ಮಾತ್ರವಾ? ಮತ್ತೆ ಕೊಡುವುದೆಲ್ಲಿ? ಇದನ್ನು ಮಾಡಿದವರು ಕಡಲು ನೋಡಿದ್ದಾರಾ?"

"ಜೂನ್‌ನಲ್ಲಿ ಒಮ್ಮೆ" ಎಂದೆ.

ನಿನಗೆ ಬೇಸರ ಆಗಬಾರದು. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಇತಿ,
ಓಸ್ವಾಲ್ಡ್


ಮಣಿಪಾಲ
2 ಜುಲೈ 2025

ಓಸ್ವಾಲ್ಡ್ ಅಂಕಲ್,

ಬೇಸರವಾ? ನಿಮ್ಮ ಪತ್ರ ಹಿಡಿದುಕೊಂಡು ಬೇಕರಿಯ ಮೆಟ್ಟಿಲು ಎರಡು ಸಲ ಹತ್ತಿ ಇಳಿದೆ. ನಾನು ಬಿರುಗಾಳಿಯನ್ನು ದಂಡದ ಪಟ್ಟಿಯಲ್ಲಿ ಹಾಕಿದ್ದೆ! ಅದು ಬರಲಿ ಎಂದು ಕಾಯುವವರು ಇದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಅರವತ್ತೊಂದು ಖಾಲಿ ದಿನಗಳು ಇನ್ನು ಖಾಲಿ ಅಲ್ಲ. ಕಾಯುವ ದಿನಗಳು. ವಿಕಾಸ್‌ಗೆ ಹೇಳಿದೆ. "ಜನರಿಗೆ ಕಾಯುವುದೇ ಆಗುವುದಿಲ್ಲ ಅಂತ ತಾನೇ ಬೈಯುತ್ತಿರುವುದು? ನೀನು ಇನ್ನೂ ಕಾಯಿಸಲು ಹೊರಟೆಯಲ್ಲ ಮಾರಾಯ್ತಿ!" ಎಂದ. ಆದರೂ ಆಗಸ್ಟ್ ಒಂದಕ್ಕೆ ಹೊಸದನ್ನು ಬಿಡಲು ಒಪ್ಪಿದ್ದಾನೆ. ಇದೇ ಕೊನೆಯ ಸಲ ಎಂದಿದ್ದಾನೆ.

ಗುಣಪಾಲಣ್ಣನ ಹತ್ತಿರ ಮೂರು ಪ್ರಶ್ನೆ ಕೇಳುತ್ತೀರಾ? ತೂಫಾನ್ ಆಯಿತು ಎಂದು ಹೇಗೆ ಗೊತ್ತಾಗುತ್ತದೆ? ಇವತ್ತು ಇಳಿಯಬಹುದು ಎಂದು ಹೇಳುವವರು ಯಾರು? ತೂಫಾನ್ ಬಾರದಿದ್ದರೆ?

ನಿಮ್ಮ,
ಮಾನಸ


ಸಂತೆಕಟ್ಟೆ
13 ಜುಲೈ 2025

ಪ್ರಿಯ ಮಾನಸ,

ನಿನ್ನ ಮೂರು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟು ರಾಯಭಾರಿಯ ಗಾಂಭೀರ್ಯದಲ್ಲಿ ಕಾಪುವಿಗೆ ಹೋದೆ. ಈ ಸಲ ಮನೆಯೊಳಗೇ ಕರೆದರು. ಗುಣಪಾಲಣ್ಣನ ಹೆಂಡತಿ ನಳಿನಾಕ್ಷಿ ಚಹಾ ಕೊಟ್ಟರು. ಮೀನು ಮಾರಿ ಗಟ್ಟಿಯಾದ ಸ್ವರ ಅವರದು. ಸಕ್ಕರೆ ಸಾಕಾ ಎಂದು ಕೇಳಿದ್ದು ನನಗೆ ಗದರಿದ ಹಾಗೆ ಕೇಳಿಸಿತು.

ಮೊದಲ ಪ್ರಶ್ನೆಗೆ ಉತ್ತರ: ನೀರು ಕೆಂಪಗೆ ತಿರುಗಬೇಕು, ಅಲೆಯ ಸದ್ದು ಬದಲಾಗಬೇಕು. "ಹೇಗೆ ಬದಲಾಗುತ್ತದೆ?" ಎಂದೆ. "ಅದನ್ನು ಬಾಯಲ್ಲಿ ಹೇಳಲಿಕ್ಕೆ ಆಗುತ್ತದಾ ಪೊರ್ಬುಗಳೇ? ಬಸ್ಸಿನ ಇಂಜಿನ್ ಕೆಟ್ಟದ್ದು ನಿಮಗೆ ಹೇಗೆ ಗೊತ್ತಾಗುತ್ತದೆ?" ಎಂದರು. ಗೊತ್ತಾಗುತ್ತದೆ, ನಿಜ.

ಎರಡನೆಯದಕ್ಕೆ: ಯಾರೊಬ್ಬರೂ ಹೇಳುವುದಿಲ್ಲ. ಎಲ್ಲ ದೋಣಿಯವರೂ ದಡದಲ್ಲಿ ಸೇರುತ್ತಾರೆ. ಒಬ್ಬ ಹೋಗುವ ಅನ್ನುತ್ತಾನೆ, ಇನ್ನೊಬ್ಬ ಬೇಡ ಅನ್ನುತ್ತಾನೆ. ಬೇಡ ಅನ್ನುವ ಒಬ್ಬ ಇದ್ದರೂ ಆ ದಿನ ಯಾರೂ ಇಳಿಯುವುದಿಲ್ಲ. ಇಳಿಯುವುದಾದರೆ ಒಟ್ಟಿಗೆ.

ಮೂರನೆಯದನ್ನು ಕೇಳಿದೆ. ಗುಣಪಾಲಣ್ಣ ಚಹಾ ಅರ್ಧಕ್ಕೆ ಬಿಟ್ಟು, ಬಲೆ ಒಣಗಿತೋ ನೋಡಿ ಬರುತ್ತೇನೆಂದು ಎದ್ದು ಹೋದರು. ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು.

ನಳಿನಾಕ್ಷಿಯವರು ಆ ಅರ್ಧ ಲೋಟವನ್ನು ಎತ್ತಿಟ್ಟು ಹೇಳಿದರು: "ಒಮ್ಮೆ ಎರಡು ವರ್ಷ ಬಿಡದೆ ತೂಫಾನ್ ಆಗಲಿಲ್ಲ. ಮೊದಲ ವರ್ಷ ಎಲ್ಲರೂ ಕಾದರು. ಎರಡನೆಯ ವರ್ಷ ಇವರ ತಮ್ಮ ಕಾಯಲಿಲ್ಲ."

ನಾನು ಮುಂದೆ ಕೇಳಲಿಲ್ಲ. ಗೋಡೆಯಲ್ಲಿ ಒಂದು ಫೋಟೋ ಇತ್ತು, ಅದನ್ನೂ ಹೆಚ್ಚು ಹೊತ್ತು ನೋಡಲಿಲ್ಲ.

ಹೊರಡುವಾಗ, "ಹಾಗಾದರೆ ಬಾರದ ವರ್ಷವನ್ನು ಆಟದಲ್ಲಿ ಹಾಕುವುದು ಬೇಡ ಎಂದು ಹುಡುಗಿಗೆ ಬರೆಯುತ್ತೇನೆ" ಎಂದೆ. ಅವರು ಬಾಗಿಲಿನ ತನಕ ಬಂದು, "ಹಾಕಲಿ" ಅಂದರು. "ಪ್ರತಿ ವರ್ಷ ಬರುತ್ತದೆ ಅಂತಾದರೆ ಅದು ತೂಫಾನ್ ಅಲ್ಲ, ನಿಮ್ಮ ಬಸ್ಸು."

ಇತಿ,
ಓಸ್ವಾಲ್ಡ್


ಮಣಿಪಾಲ
24 ಜುಲೈ 2025

ಓಸ್ವಾಲ್ಡ್ ಅಂಕಲ್,

ಹಾಕಿದ್ದೇನೆ. ಈಗ ದಡದಲ್ಲಿ ಸಭೆ ಸೇರುತ್ತದೆ. ನೀರಿನ ಬಣ್ಣ ದಿನಕ್ಕೊಂದು ಥರ. ಬಲೆ ಹೆಣೆಯಬಹುದು, ದೋಣಿಗೆ ಎಣ್ಣೆ ಹಚ್ಚಬಹುದು, ಪಕ್ಕದ ಬಂದರಿಗೆ ಅಕ್ಕಿ ಕಳುಹಿಸಬಹುದು. ತೂಫಾನ್ ಬಂದರೆ ಸಿಗಡಿಯ ಸುಗ್ಗಿ. ಐದು ವರ್ಷದಲ್ಲಿ ಒಂದು ವರ್ಷ ಅದು ಬರುವುದೇ ಇಲ್ಲ, ಯಾವ ವರ್ಷ ಎಂದು ನನಗೂ ಗೊತ್ತಾಗುವುದಿಲ್ಲ.

ಈ ಕೊನೆಯದಕ್ಕೇ ಜಗಳ. ವಿಕಾಸ್ ಹೇಳುತ್ತಾನೆ: "ಉಳಿದದ್ದೆಲ್ಲ ಚೆನ್ನಾಗಿದೆ. ಆದರೆ ಒಬ್ಬ ಮನುಷ್ಯ ಆರು ಗಂಟೆ ಆಡಿ, ಕಾದು, ಕೊನೆಗೆ ಏನೂ ಬರಲಿಲ್ಲ ಅಂದರೆ ಕಂಪ್ಯೂಟರ್ ಎತ್ತಿ ಬಿಸಾಡುತ್ತಾನೆ. ಅದೊಂದನ್ನು ತೆಗಿ, ಅರವತ್ತು ಖಂಡಿತ ದಾಟುತ್ತದೆ."

ಅವನು ಹೇಳುವುದು ಸರಿ ಇರಬಹುದು. ತೆಗೆದರೆ ನನ್ನ ಮಳೆಗಾಲ ಉಳಿಯುತ್ತದೆ. ಆದರೆ ನಳಿನಾಕ್ಷಿಯವರ ಮಾತು ಓದಿದ ಮೇಲೆ ಅಳಿಸಲು ಕೈ ಬರುತ್ತಿಲ್ಲ. ಇಟ್ಟರೆ ಎಲ್ಲವೂ ಹೋಗಬಹುದು.

ಇದರ ಜೊತೆ ಒಂದು ಪೆನ್‌ಡ್ರೈವ್ ಇದೆ. ಆಲಿಸ್ ಆಂಟಿ ಆಡಿ ನೋಡಲಿ. ಏನು ಬರುತ್ತದೆ, ಏನು ಬರುವುದಿಲ್ಲ ಎಂದು ದಯವಿಟ್ಟು ಅವರಿಗೆ ಮೊದಲೇ ಹೇಳಬೇಡಿ.

ನಿಮ್ಮ,
ಮಾನಸ


ಸಂತೆಕಟ್ಟೆ
29 ಜುಲೈ 2025

ಮಾನಸ,

ನಾನು ಆಲಿಸ್. ಇವರ ಹಾಗೆ ಉದ್ದ ಬರೆಯಲು ನನಗೆ ಪುರುಸೊತ್ತಿಲ್ಲ.

ಮೂರು ವರ್ಷ ತೂಫಾನ್ ಬಂತು. ನನ್ನ ಬಂದರು ಏಳರಲ್ಲಿ ಮೊದಲನೆಯದಾಯಿತು. ನಾಲ್ಕನೆಯ ವರ್ಷ ಬರಲಿಲ್ಲ. ಆಟದ ಜುಲೈ ಇಪ್ಪತ್ತರ ತನಕ ನನಗೆ ಅನುಮಾನವೇ ಇರಲಿಲ್ಲ. ಇಪ್ಪತ್ತೈದಕ್ಕೆ ಕಂಪ್ಯೂಟರ್ ಹಾಳಾಗಿದೆ ಎಂದು ಇವರಿಗೆ ಬೈದೆ. ಮೂವತ್ತಕ್ಕೆ ದಡದ ಸಭೆಯಲ್ಲಿ ಎಲ್ಲ ದೋಣಿಯವರೂ ಹೋಗುವ ಅಂದರು. ಒಬ್ಬ ಮಾತ್ರ ಬೇಡ ಅಂದ. ಅವನನ್ನು ಸಭೆಯಿಂದ ಹೊರಗೆ ಹಾಕುವ ಬಟನ್ ಎಲ್ಲಿದೆ ಎಂದು ಹತ್ತು ನಿಮಿಷ ಹುಡುಕಿದೆ. ಇಲ್ಲ. ನೀನು ಇಟ್ಟಿಲ್ಲ.

ನನಗೆ ಎಷ್ಟು ಕೋಪ ಬಂತೆಂದರೆ ಇವರಿಗೆ ಸಂಜೆಯ ಚಹಾ ಸಿಗಲಿಲ್ಲ.

ಮರುದಿನ ಆ ಮನುಷ್ಯನ ದೋಣಿ ಯಾವುದು ಎಂದು ನೋಡಲು ಹೋದೆ. ನಾಲ್ಕು ಮಳೆಗಾಲ ಆಡಿದ್ದೇನೆ, ನನ್ನ ದೋಣಿಯವರ ಹೆಸರು ನನಗೆ ಗೊತ್ತಿರಲಿಲ್ಲ. ಈಗ ಹದಿನೆಂಟು ಜನರದ್ದೂ ಗೊತ್ತುಂಟು.

ತೆಗೆಯಬೇಡ.

ಆಲಿಸ್


ಮಣಿಪಾಲ
23 ಆಗಸ್ಟ್ 2025

ಪ್ರಿಯ ಆಲಿಸ್ ಆಂಟಿ, ಓಸ್ವಾಲ್ಡ್ ಅಂಕಲ್,

ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮಿಸಿ. ಲೆಕ್ಕ ಮುಗಿಯಲಿ ಎಂದು ಕಾದೆ.

ತೆಗೆಯಲಿಲ್ಲ. ಆಗಸ್ಟ್ ಒಂದಕ್ಕೆ ಹಾಗೇ ಬಿಟ್ಟೆವು. ಮೊದಲ ವಾರ ಜನ ಹೊಗಳಿದರು. ಎರಡನೆಯ ವಾರ ಎಲ್ಲರಿಗೂ ಬಾರದ ವರ್ಷ ಬಂತು! 'ನನ್ನ ತೂಫಾನ್ ಎಲ್ಲಿ? ವಾಪಸ್ ಕೊಡಿ' ಎಂದು ಬರೆದವರು ಎಷ್ಟೋ ಮಂದಿ. ಒಬ್ಬರು ಗ್ರಾಹಕರ ವೇದಿಕೆಗೆ ಹೋಗುತ್ತೇನೆ ಎಂದರು. ಮಲಗಿದ್ದ ಶೆಲ್ಡನ್ ಎದ್ದು ಕೂತು ಐದರಲ್ಲಿ ಎರಡು ನಕ್ಷತ್ರ ಕಿತ್ತುಕೊಂಡರು. ಹದಿನೈದನೆಯ ತಾರೀಕು ಬಂದಾಗ ನಾವು ಇದ್ದದ್ದು ಐವತ್ತೇಳರಲ್ಲಿ.

ವಿಕಾಸ್ 'ದಾಟಿಸು' ಬಟನ್ ಮೊದಲೇ ಮಾಡಿಟ್ಟಿದ್ದ. ಅದು ಸರಿಯಾಗಿ ಕೆಲಸ ಮಾಡುತ್ತದೋ ನೋಡಲು ಅವನ ಸ್ವಂತ ಆಟವನ್ನೇ ತೆರೆದ. ಅದರಲ್ಲಿ ಜುಲೈ ಹದಿನೆಂಟು. ನೀರು ಇನ್ನೂ ಹಸಿರು. ಬಟನ್ ಮೇಲೆ ಬೆರಳಿಟ್ಟು ಕೂತ. ಒಂದು ದಿನ ನೋಡಿ ಒತ್ತುತ್ತೇನೆ ಅಂದ. ಇನ್ನೊಂದು ದಿನ ಅಂದ. ಕೆಳಗಿನಿಂದ ಬನ್ಸ್ ತರಿಸಿದೆವು, ತಣ್ಣಗಾಯಿತು. ಜುಲೈ ಇಪ್ಪತ್ತಾರಕ್ಕೆ ಅವನ ನೀರು ಕೆಂಪಾಯಿತು. ವಿಕಾಸ್ ಕುರ್ಚಿಯಿಂದ ಎದ್ದು ನಿಂತ, ನಿಂತುಕೊಂಡೇ ಆಡಿದ.

ಆಮೇಲೆ ನನ್ನ ಕಡೆ ನೋಡದೆ, "ಇನ್ನೊಂದು ವಾರ ಇರಲಿ" ಅಂದ.

ನಿನ್ನೆ ಆ ವಾರ ಮುಗಿಯಿತು. ಅರವತ್ತೆರಡು. ಬಾರದ ವರ್ಷ ದಾಟಿ ಮುಂದಿನ ವರ್ಷಕ್ಕೆ ಹೋದವರು ವಾಪಸ್ ಬಂದು ಅಭಿಪ್ರಾಯ ತಿದ್ದಿದ್ದಾರೆ. ಒಬ್ಬರು ಬರೆದದ್ದು ಇಷ್ಟೇ: 'ಈ ಸಲ ಬಂತು.'

ಬಟನ್ ಫೈಲನ್ನು ವಿಕಾಸ್ ತನ್ನ ಕೈಯಿಂದಲೇ ಅಳಿಸಿದ. ಮಳೆಗಾಲ ಉಳಿಯಿತು. ನಾನೂ ಉಳಿದೆ.

ನಿಮ್ಮ,
ಮಾನಸ


ಸಂತೆಕಟ್ಟೆ
28 ಆಗಸ್ಟ್ 2025

ಪ್ರಿಯ ಮಾನಸ,

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. 'ಅರವತ್ತೆರಡು' ಎನ್ನುವಲ್ಲಿ ಆಲಿಸ್ ಎದ್ದು ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚದೆಯೇ ಕಣ್ಣು ಒರೆಸಿಕೊಂಡು ಬಂದಳು. ಮೌರಿಸ್ ಬೇಲಿಯ ಆಚೆಯಿಂದ ಚಪ್ಪಾಳೆ ತಟ್ಟಿದ. ಅವನು ಕೇಳಿಸಿಕೊಳ್ಳುತ್ತಿದ್ದ ಎಂದು ಹೀಗೆ ಸಾಬೀತಾಯಿತು.

ಮೊನ್ನೆ ಕಾಪುವಿಗೆ ಹೋಗಿ ಸುದ್ದಿ ಮುಟ್ಟಿಸಿದೆ. ಗುಣಪಾಲಣ್ಣನಿಗೆ ಈ ವರ್ಷ ಜುಲೈ ಕೊನೆಗೆ ತೂಫಾನ್ ಆಗಿದೆ, ಎಟ್ಟಿಯೂ ಸಿಕ್ಕಿದೆ. ಹಾಗಾಗಿ ಮಾತು ಸ್ವಲ್ಪ ಸಲೀಸಾಗಿ ಬರುತ್ತಿತ್ತು. ನೂರರಲ್ಲಿ ಅರವತ್ತೆರಡು ಮಂದಿ ಒಪ್ಪಿದರು ಎಂದೆ. "ಉಳಿದ ಮೂವತ್ತೆಂಟು ಜನ ಮಲ್ಪೆಯ ಬೋಟಿನವರಾ?" ಎಂದು ಕೇಳಿದರು. ಆಮೇಲೆ, "ಆ ಹುಡುಗಿ ಕಡಲಿನ ಬಗ್ಗೆ ಬೇರೆ ಎಂತೆಲ್ಲ ತಪ್ಪು ತಿಳಿದುಕೊಂಡಿದ್ದಾಳೆ, ಒಮ್ಮೆ ಬಂದು ಹೇಳಲಿ. ನಮಗೂ ಗೊತ್ತಾಗಬೇಕಲ್ಲ" ಎಂದರು. ಇದು ಆಮಂತ್ರಣ. ಈ ಭಾನುವಾರ ಹೋಗುವ, ನಾವೂ ಬರುತ್ತೇವೆ.

ನಳಿನಾಕ್ಷಿಯವರು ಅಂಗಳದಲ್ಲಿ ಒಬ್ಬರೇ ಇದ್ದಾಗ ನನ್ನನ್ನು ಕರೆದು ಕೇಳಿದರು: "ಆ ಆಟದಲ್ಲಿ ಬಾರದ ವರ್ಷ ಎಲ್ಲರೂ ಕಾಯುತ್ತಾರಾ?"

"ಒಬ್ಬ ಬೇಡ ಅಂದರೆ ಸಾಕು, ಯಾರೂ ಇಳಿಯಲಿಕ್ಕೆ ಆಗುವುದಿಲ್ಲ. ಹುಡುಗಿ ಹಾಗೆ ಮಾಡಿದ್ದಾಳೆ" ಎಂದೆ.

"ಯಾರೂ?"

"ಯಾರೂ."

ಅವರು ತಲೆಯಾಡಿಸಿ ಒಳಗೆ ಹೋದರು. ನಾನು ಗೇಟಿನ ತನಕ ಬಂದಿದ್ದೆ, ಹಿಂದಿನಿಂದ ಕರೆದರು. ಮನೆಯಲ್ಲಿ ಮಗಳು ಕಾವ್ಯಳ ಹಳೆಯ ಕಂಪ್ಯೂಟರ್ ಒಂದುಂಟಂತೆ, ಆನ್ ಆಗುತ್ತದಂತೆ. ಯಾಕೆ ಎಂದು ನಾನು ಕೇಳಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಜೀವಮಾನದಲ್ಲಿ ಎರಡೋ ಮೂರೋ. ಇದು ಅದರಲ್ಲಿ ಒಂದು.

ಹಾಗಾಗಿ ಒಂದು ಸಣ್ಣ ಉಪಕಾರ ಆಗಬೇಕು. ಭಾನುವಾರ ಬರುವಾಗ ಮಣಿಪಾಲದಿಂದ ಒಂದು ಮೌಸ್ ತೆಗೆದುಕೊಂಡು ಬಾ. ಸಾದಾ ಸಾಕು, ವಯರ್ ಇರುವಂಥದ್ದು. ನಳಿನಾಕ್ಷಿಯವರ ಕೈ ಸ್ವಲ್ಪ ದೊಡ್ಡದು, ತೀರಾ ಚಿಕ್ಕದು ಬೇಡ.

ಇತಿ,
ಓಸ್ವಾಲ್ಡ್